ಸೊಳ್ಳೆಯ ಮೊಟ್ಟೆಯೂ ಮೈಸೂರಿನ ಹೆಸರೂ

ಕಳೆದ ಮಳೆಗಾಲದಲ್ಲಿ ಒಂದು ದಿನ ನಮ್ಮ ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ಭೌತಶಾಸ್ತ್ರದ ಪ್ರಯೋಗಶಾಲೆಗೆ ಒಂದು ಗಾಜಿನ ಸೀಸೆಯನ್ನು ತಂದನು. ಬಸವೇಶ್ವರನಗರದಲ್ಲಿರುವ ಅವನ ಮನೆಯ ಮಾಳಿಗೆಯ ಮೇಲಿನ ತೊಟ್ಟಿಯಿಂದ ತುಂಬಿಸಿಕೊಂಡ ನೀರು ಅದರಲ್ಲಿತ್ತು. ನೀರಿನಲ್ಲಿ ಹತ್ತಾರು ಸಣ್ಣ ಹುಳುಗಳಿದ್ದುವು. "ಸಾರ್, ಇವು ಮಲೇರಿಯ ತರುವ ಸೊಳ್ಳೆಯ ಮರಿಗಳೇ?" ಎಂದು ಕೇಳಿದನು. ಅವರ ಎದುರು ಮನೆಯವರೊಬ್ಬರು ಚಳಿಜ್ವರದಿಂದ ಆಸ್ಪತ್ರೆ ಸೇರಿದ್ದರು; ಆದುದರಿಂದ ಅವನ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಭಯವೇ ಹೆಚ್ಚಾಗಿತ್ತು.

ಸೀಸೆಯನ್ನು ಮೇಜಿನ ಮೇಲೆ ಅಲುಗಾಡದಂತೆ ಇರಿಸಿ ನೋಡಿದೆವು. ಹುಳುಗಳು ನೀರಿನ ಮೇಲ್ಮೈಯ ಕೆಳಗೆ, ಅದಕ್ಕೆ ಸಮಾನಾಂತರವಾಗಿ, ತೇಲುವ ಕಡ್ಡಿಗಳಂತೆ ಮಲಗಿದ್ದುವು. ಬೇರೆ ಸೊಳ್ಳೆಗಳ ಮರಿಗಳಾದರೋ ಬಾಲದ ಉಸಿರುನಳಿಕೆಯನ್ನು ಮಾತ್ರ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ಜೋತಾಡುವುವು. ಹೀಗೆ ಅಡ್ಡಲಾಗಿ ಮಲಗುವುದು ಅನಾಫಿಲೀಸ್ ಕುಲದ ಗುರುತು. ಮಲೇರಿಯವನ್ನು ಹರಡುವುವು ಈ ಕುಲದವೇ. ಅದರಲ್ಲಿಯೂ ಪಟ್ಟಣಗಳ ತಿಳಿನೀರಿನ ತೊಟ್ಟಿಗಳಲ್ಲಿ ಬೆಳೆಯುವುದು ಅನಾಫಿಲೀಸ್ ಸ್ಟೀಫೆನ್ಸಿ ಎಂದು ನಾವು ಓದಿದ್ದೆವು. "ಇದು ಸ್ಟೀಫೆನ್ಸಿಯೇ ಇರಬೇಕಪ್ಪ; ಮಲೇರಿಯದ ಸೊಳ್ಳೆಯೇ ಸರಿ" ಎಂದು ತೀರ್ಪು ಕೊಟ್ಟುಬಿಟ್ಟೆವು. ಅಷ್ಟರಲ್ಲಿ ಅಲ್ಲಿಗೆ ಬಂದ ಪ್ರಾಣಿಶಾಸ್ತ್ರದ ನಮ್ಮ ಸ್ನೇಹಿತರೊಬ್ಬರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಸ್ಟೀಫೆನ್ಸಿ ಇದ್ದರೂ ಇರಬಹುದು. ಆದರೆ ಯಾವ ಸ್ಟೀಫೆನ್ಸಿ?" ಎಂದರು.

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ಪ್ರಾಣಿಗೆ ಕುಲನಾಮವನ್ನೂ ಪ್ರಭೇದನಾಮವನ್ನೂ ಕೊಟ್ಟ ಮೇಲೆ ಮತ್ತೆ 'ಯಾವುದು' ಎಂದು ಕೇಳುವುದಕ್ಕೆ ಏನು ಉಳಿಯಿತು? ಸ್ನೇಹಿತರಿಂದಲೂ ಗ್ರಂಥಗಳಿಂದಲೂ ನಾವು ಆಮೇಲೆ ತಿಳಿದುಕೊಂಡುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ಈ ಪ್ರಶ್ನೆ ಹುಟ್ಟಿದುದೇ ನಮ್ಮ ನಾಡಿನಲ್ಲಿ. ಅದರ ಉತ್ತರದಲ್ಲಿ ಮೈಸೂರಿನ ಹೆಸರೇ ಸೇರಿಕೊಂಡಿದೆ.

ಪೀಪಾಯಿಯ ನೀರು

ಬೆಂಗಳೂರಿಗೂ ಸೊಳ್ಳೆಗಳ ವಿಜ್ಞಾನಕ್ಕೂ ನಂಟು ಹಳೆಯದು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾವೈದ್ಯನು ಬೆಂಗಳೂರಿನ ದಂಡಿನಲ್ಲಿ ಕೆಲಸಕ್ಕೆ ಬಂದನು. ಅವನಿದ್ದ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಅವು ಬೆಳೆಯುತ್ತಿರುವುದನ್ನು ಕಂಡು ಅವನು ಪೀಪಾಯಿಯನ್ನು ಬೋರಲು ಹಾಕಿದನು. ಸೊಳ್ಳೆಗಳ ಕಾಟ ತಗ್ಗಿತು. ಇದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತವನ್ನು ಕುಡಿದ ಅನಾಫಿಲೀಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡುಹಿಡಿದು, 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ರಾಸನ ಶೋಧನೆಯಿಂದ ಒಂದು ಸಂಗತಿ ಸ್ಪಷ್ಟವಾಯಿತು: ಸೊಳ್ಳೆಗಳೆಲ್ಲ ಒಂದೇ ಅಲ್ಲ. ನಮ್ಮ ಊರಿನ ಪಶ್ಚಿಮ ಭಾಗದಲ್ಲಿಯೇ ಇದನ್ನು ಕಾಣಬಹುದು. ಕೆಂಗೇರಿಯ ಕಡೆಗೆ ಹರಿಯುವ ವೃಷಭಾವತಿಯ ಕೊಳಕು ನೀರಿನಲ್ಲಿ ಹೆಚ್ಚಾಗಿ ಬೆಳೆಯುವುದು ಕ್ಯೂಲೆಕ್ಸ್. ರಾತ್ರಿಯೆಲ್ಲ ಕಿವಿಯ ಬಳಿ ಹಾಡುವ ಸೊಳ್ಳೆ ಬಹುಮಟ್ಟಿಗೆ ಇದೇ. ವಿಜಯನಗರದ ಮನೆಗಳ ಹೂಕುಂಡದ ತಟ್ಟೆಗಳಲ್ಲಿ, ಒಡೆದ ಮಡಕೆಗಳಲ್ಲಿ, ಹಳೆಯ ಟೈರುಗಳಲ್ಲಿ ಬೆಳೆದು ಹಗಲು ಹೊತ್ತಿನಲ್ಲಿ ಕಚ್ಚುವುದು ಈಡಿಸ್. ಡೆಂಗಿ ಜ್ವರವನ್ನು ಹರಡುವುದು ಇದು. ರಾಜಾಜಿನಗರದ ಮೇಲ್ತೊಟ್ಟಿಗಳು, ನೆಲದೊಳಗಿನ ಸಂಪುಗಳು, ಪಾಳುಬಿದ್ದ ಬಾವಿಗಳು, ಕಟ್ಟಡ ಕಟ್ಟುವ ಜಾಗದಲ್ಲಿ ನಿಲ್ಲಿಸಿದ ನೀರು, ಇವು ಸ್ಟೀಫೆನ್ಸಿಗೆ ಪ್ರಿಯವಾದ ಮನೆಗಳು. ನಲ್ಲಿಯಲ್ಲಿ ದಿನವಿಡೀ ನೀರು ಬಾರದ ಊರಿನಲ್ಲಿ ಜನ ನೀರನ್ನು ಕೂಡಿಡಲೇಬೇಕು. ಕೂಡಿಟ್ಟ ನೀರು ಮುಚ್ಚಿರದಿದ್ದರೆ ಸ್ಟೀಫೆನ್ಸಿ ಅದನ್ನು ಹುಡುಕಿಕೊಂಡು ಬರುವುದು.

ಈ ಸೊಳ್ಳೆಯನ್ನು 1901ರಲ್ಲಿ ಲಿಸ್ಟನ್ ಎಂಬ ವೈದ್ಯನು ಬೇರಾರಿನ ಎಲಿಚ್‌ಪುರದಿಂದ ಮೊದಲು ವರ್ಣಿಸಿದನು. ಅಂದಿನಿಂದ ಸುಮಾರು ಮೂವತ್ತೈದು ವರ್ಷಗಳ ಕಾಲ ಸ್ಟೀಫೆನ್ಸಿಯೆಂದರೆ ಸ್ಟೀಫೆನ್ಸಿ, ಅಷ್ಟೆ. ಆದರೆ ಅಷ್ಟರಲ್ಲಿ ಒಂದು ಒಗಟು ತಲೆದೋರಿತ್ತು. ಪಟ್ಟಣಗಳಲ್ಲಿ ಈ ಸೊಳ್ಳೆ ಇದ್ದಲ್ಲಿ ಮಲೇರಿಯವೂ ಇರುವುದು. ಹಲವು ಹಳ್ಳಿಗಳಲ್ಲಿ ಇದೇ ಸೊಳ್ಳೆ ಧಾರಾಳವಾಗಿದ್ದರೂ ರೋಗವನ್ನು ಹರಡುವುದರಲ್ಲಿ ಅದರ ಪಾಲು ತೀರ ಕಡಿಮೆ. ಹೆಸರು ಒಂದೇ, ರೂಪು ಒಂದೇ. ನಡತೆ ಮಾತ್ರ ಬೇರೆ ಬೇರೆ. ಇದಕ್ಕೆ ಕಾರಣವೇನು?

ಮೊಟ್ಟೆಯ ಮೇಲಿನ ಲೆಕ್ಕ

ಮೈಸೂರು ಸಂಸ್ಥಾನದ ಸರ್ಕಾರವು 1920ರ ದಶಕದ ಕೊನೆಯ ವೇಳೆಗೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯದ ಅಧ್ಯಯನವನ್ನು ಕೈಗೊಂಡಿತ್ತು. ಕಾಲುವೆ ನೀರಾವರಿಯ ಬಯಲು, ಮಲೆನಾಡಿನ ಕಾಫಿ ತೋಟ, ಒಣಸೀಮೆಯ ಬಾವಿ, ಇವೆಲ್ಲವೂ ಒಂದೇ ಸಂಸ್ಥಾನದಲ್ಲಿದ್ದುದರಿಂದ ಸೊಳ್ಳೆಗಳನ್ನು ಹೋಲಿಸಿ ನೋಡಲು ಇದು ತಕ್ಕ ಪ್ರದೇಶವಾಗಿತ್ತು. ಈ ಕೆಲಸದಲ್ಲಿ ತೊಡಗಿದ್ದ ಡಬ್ಲ್ಯು. ಸಿ. ಸ್ವೀಟ್ ಮತ್ತು ಬಿ. ಎ. ರಾವ್ ಎಂಬಿಬ್ಬರು ಸ್ಟೀಫೆನ್ಸಿಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆಯಲು ಹೊರಟರು.

ಅನಾಫಿಲೀಸ್‌ನ ಮೊಟ್ಟೆ ಒಂದು ಪುಟ್ಟ ದೋಣಿಯಂತಿರುವುದು. ಉದ್ದ ಸುಮಾರು ಅರ್ಧ ಮಿಲಿಮೀಟರು. ಅದರ ಎರಡು ಪಕ್ಕಗಳಲ್ಲಿಯೂ ಗಾಳಿ ತುಂಬಿದ ತೇಲುಚೀಲಗಳುಂಟು. ಮೊಟ್ಟೆ ಮುಳುಗದಂತೆ ಕಾಯುವುವು ಇವೇ. ಒಂದೊಂದು ತೇಲುಚೀಲದ ಮೇಲೂ ಸಾಲಾಗಿ ಉಬ್ಬುಗೆರೆಗಳಿರುವುವು. ಸ್ವೀಟರೂ ರಾಯರೂ ಮೊಟ್ಟೆಯ ಉದ್ದಗಲಗಳ ಜೊತೆಗೆ ಈ ಗೆರೆಗಳನ್ನೂ ಎಣಿಸಿದರು. ಎಲ್ಲ ಮೊಟ್ಟೆಗಳಲ್ಲಿಯೂ ಗೆರೆಗಳು ಸಮನಾಗಿರಲಿಲ್ಲ. ಕೆಲವು ತಾಯಿಸೊಳ್ಳೆಗಳ ಮೊಟ್ಟೆಗಳು ದೊಡ್ಡವು, ಗೆರೆಗಳು ಹೆಚ್ಚು. ಇನ್ನು ಕೆಲವುಗಳ ಮೊಟ್ಟೆಗಳು ಚಿಕ್ಕವು, ಗೆರೆಗಳು ಕಡಿಮೆ. 1937ರಲ್ಲಿ ಅವರು 'ಇಂಡಿಯನ್ ಮೆಡಿಕಲ್ ಗೆಜೆಟ್' ಪತ್ರಿಕೆಯಲ್ಲಿ, ಸ್ಟೀಫೆನ್ಸಿಯಲ್ಲಿ ಎರಡು ಬಗೆಗಳಿವೆಯೆಂದು ಪ್ರಕಟಿಸಿದರು. ಮೊದಲನೆಯದು 'ಮೂಲ' ಬಗೆ. ಎರಡನೆಯದಕ್ಕೆ ಅವರಿಟ್ಟ ಹೆಸರು 'ಮೈಸೊರೆನ್ಸಿಸ್', ಎಂದರೆ ಮೈಸೂರಿನದು. ಜಗತ್ತಿನ ಯಾವ ಮೂಲೆಯಲ್ಲಿ ಈ ಸೊಳ್ಳೆಯ ಮಾತು ಬಂದರೂ ಇಂದಿಗೂ ನಮ್ಮ ನಾಡಿನ ಹೆಸರು ಅದರೊಡನೆ ಬರುವುದು. ಅದು ಹೆಮ್ಮೆಯ ವಿಷಯವೋ ಅಲ್ಲವೋ, ಓದುಗರೇ ತೀರ್ಮಾನಿಸಲಿ.

ಐವತ್ತು ವರ್ಷಗಳ ತರುವಾಯ, 1987ರಲ್ಲಿ, ಸರಳಾ ಸುಬ್ಬರಾವ್ ಮತ್ತು ಅವರ ಸಂಗಡಿಗರು ಪಟ್ಟಣದ ಮತ್ತು ಹಳ್ಳಿಯ ಸೊಳ್ಳೆಗಳನ್ನು ಮತ್ತೆ ಪರೀಕ್ಷಿಸಿ, ಎರಡರ ನಡುವೆ ಮೂರನೆಯ 'ಮಧ್ಯಮ' ಬಗೆಯೊಂದಿರುವುದನ್ನು ತೋರಿಸಿದರು. ತೇಲುಚೀಲದ ಮೇಲಿನ ಗೆರೆಗಳು ಮೂಲ ಬಗೆಯಲ್ಲಿ 14ರಿಂದ 22, ಮಧ್ಯಮ ಬಗೆಯಲ್ಲಿ 12ರಿಂದ 17, ಮೈಸೊರೆನ್ಸಿಸ್‌ನಲ್ಲಿ 9ರಿಂದ 15. ಪಟ್ಟಣಗಳಲ್ಲಿ ಪ್ರಧಾನವಾಗಿ ಕಾಣುವುದು ಮೂಲ ಬಗೆ. ಹಳ್ಳಿಗಳಲ್ಲಿ ಮೈಸೊರೆನ್ಸಿಸ್ ಮತ್ತು ಮಧ್ಯಮ ಬಗೆಗಳು.

ಈ ಅಂಕಿಗಳನ್ನು ಗಮನವಿಟ್ಟು ನೋಡಿದರೆ ಒಂದು ತೊಡಕು ಕಣ್ಣಿಗೆ ಬೀಳುವುದು. ಒಂದು ಮೊಟ್ಟೆಯ ಮೇಲೆ 15 ಗೆರೆಗಳಿದ್ದರೆ ಅದು ಯಾವ ಬಗೆಯದು? ಮೂರರಲ್ಲಿ ಯಾವುದಾದರೂ ಆಗಬಹುದು! 20 ಗೆರೆಗಳಿದ್ದರೆ ಮೂಲ ಬಗೆಯೆಂದೂ 10 ಗೆರೆಗಳಿದ್ದರೆ ಮೈಸೊರೆನ್ಸಿಸ್ ಎಂದೂ ಧೈರ್ಯವಾಗಿ ಹೇಳಬಹುದು. ನಡುವಣ ಮೊಟ್ಟೆ ಮಾತ್ರ ಮೌನ ವಹಿಸುವುದು.

ಅವರೆಕಾಯಿಯ ಉದಾಹರಣೆಯಿಂದ ಇದು ಸುಲಭವಾಗಿ ತಿಳಿದೀತು. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಮಾಗಡಿಯ ಕಡೆಯಿಂದ ಸೊಗಡಿನ ಅವರೆ ಬಂದು ಮಾಗಡಿ ರಸ್ತೆಯ ಉದ್ದಕ್ಕೂ ರಾಶಿ ಬೀಳುವುದಷ್ಟೆ. ಎರಡು ತಳಿಯ ಕಾಯಿಗಳನ್ನು ತಂದು, ಒಂದೊಂದರಲ್ಲಿಯೂ ನೂರು ಕಾಯಿಗಳನ್ನು ಸುಲಿದು ಕಾಳುಗಳನ್ನು ಎಣಿಸಿ ನೋಡಿರಿ. ಒಂದು ತಳಿಯಲ್ಲಿ ನಾಲ್ಕು ಕಾಳಿನ ಕಾಯಿಗಳು ಹೆಚ್ಚು, ಇನ್ನೊಂದರಲ್ಲಿ ಮೂರು ಕಾಳಿನವು ಹೆಚ್ಚು ಎಂದಿಟ್ಟುಕೊಳ್ಳೋಣ. ಎರಡು ರಾಶಿಗಳಲ್ಲಿಯೂ ಮೂರು ಕಾಳಿನವೂ ನಾಲ್ಕು ಕಾಳಿನವೂ ಇದ್ದೇ ಇರುವುವು. ಬಿದ್ದಿರುವ ಒಂದೇ ಕಾಯಿಯನ್ನು ಎತ್ತಿಕೊಂಡು ಇದು ಯಾವ ರಾಶಿಯದು ಎಂದು ಯಾರೂ ಹೇಳಲಾರರು. ನೂರು ಕಾಯಿಗಳನ್ನು ಕೈಗಿತ್ತರೆ ಎಳೆಯ ಮಗುವೂ ಹೇಳಬಲ್ಲುದು. ಭೌತಶಾಸ್ತ್ರದ ವಿದ್ಯಾರ್ಥಿಗಳು ತಂತಿಯ ದಪ್ಪವನ್ನು ಒಂದು ಸಲ ಅಳೆದು ತೃಪ್ತರಾಗದೆ ಹತ್ತು ಸಲ ಅಳೆಯುವುದೂ ಇದೇ ಕಾರಣಕ್ಕೆ. ಆದರೆ ಒಂದು ವ್ಯತ್ಯಾಸವುಂಟು. ತಂತಿಯ ಅಳತೆಯಲ್ಲಿ ಏರುಪೇರಾಗುವುದು ನಮ್ಮ ಕೈಯ ದೋಷ. ಸರಾಸರಿಯನ್ನು ತೆಗೆದು ಅದನ್ನು ಕಳೆದುಕೊಳ್ಳಬಯಸುವೆವು. ಜೀವಿಗಳಲ್ಲಿ ಏರುಪೇರು ದೋಷವಲ್ಲ, ಅದೇ ವಿಷಯ. ಸರಾಸರಿಯನ್ನು ಮಾತ್ರ ಇಟ್ಟುಕೊಂಡು ಏರುಪೇರನ್ನು ಎಸೆದರೆ ನಾವು ತಿಳಿಯಬೇಕಾದುದನ್ನೇ ಎಸೆದಂತಾಗುವುದು.

ಆದುದರಿಂದ ಕೀಟಶಾಸ್ತ್ರಜ್ಞರು ಒಂದು ಮೊಟ್ಟೆಯನ್ನು ನಂಬುವುದಿಲ್ಲ. ಒಂದೊಂದು ತಾಯಿಯನ್ನೂ ಬೇರೆಯಾಗಿರಿಸಿ, ಅದು ಇಟ್ಟ ಹಲವು ಮೊಟ್ಟೆಗಳ ಗೆರೆಗಳನ್ನು ಎಣಿಸಿ, ಯಾವ ಸಂಖ್ಯೆ ಹೆಚ್ಚು ಸಲ ಬರುವುದೋ ಅದನ್ನು ಆ ತಾಯಿಯ ಗುರುತಾಗಿ ಹಿಡಿಯುವರು. ಅನಂತರ ಹಲವು ತಾಯಂದಿರ ಲೆಕ್ಕವನ್ನು ಕೂಡಿಸಿ ಆ ಊರಿನ ಸಮುದಾಯದ ಚಿತ್ರವನ್ನು ಬರೆಯುವರು.

ಹಾಗಾದರೆ ಈ ಬಗೆಗಳು ಬೇರೆ ಬೇರೆ ಪ್ರಭೇದಗಳೇ? ಈ ಪ್ರಶ್ನೆಯನ್ನು ಮೈಸೂರಿನವರು ಬಿಟ್ಟಿರಲಿಲ್ಲ. ಸ್ವೀಟ್ ಮತ್ತು ಸಂಗಡಿಗರು 1938ರಲ್ಲಿಯೇ ಮೂಲ ಬಗೆಯನ್ನೂ ಮೈಸೊರೆನ್ಸಿಸನ್ನೂ ಕೂಡಿಸಿ ಸಂಕರದ ಪ್ರಯೋಗವನ್ನು ಪ್ರಕಟಿಸಿದರು. 1987ರ ಅಧ್ಯಯನದಲ್ಲಿಯೂ ಇಂಥ ಸಂಕರವನ್ನು ಮಾಡಿ, ಗೆರೆಗಳ ಸಂಖ್ಯೆ ವಂಶಪಾರಂಪರ್ಯವಾಗಿ ಬರುವುದೆಂದೂ ಬಗೆಗಳು ತಮ್ಮತಮ್ಮಲ್ಲಿ ಕೂಡಿ ಸಂತಾನವನ್ನು ಪಡೆಯಬಲ್ಲುವೆಂದೂ ಕಂಡುಕೊಂಡರು. ಎಂದರೆ ಪ್ರಭೇದ ಒಂದೇ. ಆದರೆ ಆ ಪ್ರಭೇದದೊಳಗೆ ಊರಿಗೆ ಹೊಂದಿಕೊಂಡ ಸಮುದಾಯಗಳೂ ಹಳ್ಳಿಗೆ ಹೊಂದಿಕೊಂಡ ಸಮುದಾಯಗಳೂ ಇವೆ.

ಎರಡು ಸಲ ಕಚ್ಚಬೇಕು

ಗೆರೆ ನಾಲ್ಕು ಹೆಚ್ಚಿದ್ದರೇನು, ಕಡಿಮೆಯಿದ್ದರೇನು? ಗೆರೆಗಳು ಮಲೇರಿಯವನ್ನು ಹರಡುವುದಿಲ್ಲವಲ್ಲ! ನಿಜ. ಗೆರೆಯು ಬರಿಯ ಗುರುತು. ಅದರ ಹಿಂದೆ ಇರುವ ನಡತೆ ಮುಖ್ಯವಾದುದು. ಹಳ್ಳಿಯ ಮೈಸೊರೆನ್ಸಿಸ್‌ಗೆ ದನದ ಕೊಟ್ಟಿಗೆಯೇ ಅನ್ನಛತ್ರ. ದನದ ರಕ್ತವನ್ನು ಕುಡಿದ ಸೊಳ್ಳೆ ಮನುಷ್ಯರ ಮಲೇರಿಯವನ್ನು ಹರಡಲಾರದು. ದನಗಳಿಲ್ಲದ ಪಟ್ಟಣದಲ್ಲಿ ಮೂಲ ಬಗೆಗೆ ಮನುಷ್ಯನೇ ಗತಿ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ಕಾಣಬಹುದು. ಸ್ವತಃ ರಾಸನೇ ಗಣಿತಪ್ರಿಯನಾಗಿದ್ದು ಇಂಥ ಲೆಕ್ಕಗಳಿಗೆ ತಳಹದಿ ಹಾಕಿದನು. ಜಾರ್ಜ್ ಮ್ಯಾಕ್‌ಡೊನಾಲ್ಡ್ 1950ರ ದಶಕದಲ್ಲಿ ಅವನ್ನು ಬೆಳೆಸಿದನು. ಒಂದು ಸೊಳ್ಳೆ ರೋಗವನ್ನು ಹರಡಬೇಕಾದರೆ ಎರಡು ಸಲ ಮನುಷ್ಯರನ್ನು ಕಚ್ಚಬೇಕು: ರೋಗಿಯಿಂದ ಪರೋಪಜೀವಿಯನ್ನು ಪಡೆಯಲು ಒಮ್ಮೆ, ಆರೋಗ್ಯವಂತನಿಗೆ ಅದನ್ನು ಕೊಡಲು ಇನ್ನೊಮ್ಮೆ. ಲೆಕ್ಕಕ್ಕಾಗಿ ಹೀಗೆ ಊಹಿಸಿಕೊಳ್ಳೋಣ: ಒಂದು ಬಗೆಯ ಸೊಳ್ಳೆ ತನ್ನ ಹತ್ತು ಊಟಗಳಲ್ಲಿ ಐದನ್ನು ಮನುಷ್ಯರಿಂದ ಪಡೆಯುವುದು, ಇನ್ನೊಂದು ಬಗೆಯದು ಹತ್ತರಲ್ಲಿ ಒಂದನ್ನು ಮಾತ್ರ. ಎರಡು ಊಟಗಳೂ ಮನುಷ್ಯರಿಂದಲೇ ಆಗುವ ಸಂಭವ ಮೊದಲನೆಯದರಲ್ಲಿ ಅರ್ಧದ ವರ್ಗ, ಎಂದರೆ ನಾಲ್ಕರಲ್ಲಿ ಒಂದು. ಎರಡನೆಯದರಲ್ಲಿ ಹತ್ತನೆಯ ಒಂದರ ವರ್ಗ, ಎಂದರೆ ನೂರರಲ್ಲಿ ಒಂದು. ರುಚಿಯಲ್ಲಿ ಐದು ಪಟ್ಟು ವ್ಯತ್ಯಾಸವಿದ್ದರೆ ಅಪಾಯದಲ್ಲಿ ಇಪ್ಪತ್ತೈದು ಪಟ್ಟು ವ್ಯತ್ಯಾಸ!

ಆಯುಸ್ಸಿನ ಲೆಕ್ಕವೂ ಇಂಥದೇ. ಸೊಳ್ಳೆಯೊಳಗೆ ಪರೋಪಜೀವಿ ಬೆಳೆದು ಲಾಲಾಗ್ರಂಥಿಯನ್ನು ಸೇರುವುದಕ್ಕೆ ಬೆಚ್ಚನೆಯ ಹವೆಯಲ್ಲಿ ಹತ್ತು ದಿನಗಳಾದರೂ ಬೇಕು. ದಿನವೊಂದಕ್ಕೆ ನೂರರಲ್ಲಿ ತೊಂಬತ್ತು ಸೊಳ್ಳೆಗಳು ಬದುಕಿ ಉಳಿದರೆ ಹತ್ತು ದಿನಗಳ ಅನಂತರ ಸುಮಾರು 35 ಉಳಿಯುವುವು. ದಿನಕ್ಕೆ ಎಂಬತ್ತು ಮಾತ್ರ ಬದುಕಿದರೆ ಉಳಿಯುವುವು ಸುಮಾರು 11. ವಿಕಿರಣ ವಸ್ತುವಿನ ಕ್ಷಯವನ್ನು ಕಲಿತ ವಿದ್ಯಾರ್ಥಿಗೆ ಈ ಲೆಕ್ಕ ಹೊಸದೇನೂ ಅಲ್ಲ. ಸಮುದಾಯಗಳ ನಡುವಣ ಸಣ್ಣ ವ್ಯತ್ಯಾಸವು ರೋಗದ ಲೆಕ್ಕದಲ್ಲಿ ಗುಣಿಸಿ ಗುಣಿಸಿ ದೊಡ್ಡದಾಗುವುದು.

ಆದರೆ ಮೈಸೊರೆನ್ಸಿಸ್ ಎಂದೊಡನೆ ನಿರಪಾಯಕರವೆಂದು ಭಾವಿಸುವುದೂ ತಪ್ಪು. ಭಾರತದಲ್ಲಿ ದುರ್ಬಲ ವಾಹಕವಾದ ಇದೇ ಬಗೆಯು ಇರಾನಿನ ದಕ್ಷಿಣದ ಹಳ್ಳಿಗಳಲ್ಲಿ ಮಲೇರಿಯದ ವಾಹಕವೆಂದು ಹೆಸರಾಗಿದೆ. ಬಗೆಯ ಹೆಸರನ್ನು ತಿಳಿದರೆ ಸಾಲದು. ಆಯಾ ಊರಿನ ಸಮುದಾಯವನ್ನು ಆಯಾ ಊರಿನಲ್ಲಿಯೇ ಪರೀಕ್ಷಿಸಬೇಕು.

ಬಾವಿಯ ಮೀನು

ಇದರಿಂದ ಜನರಿಗೆ ಆಗುವ ಉಪಯೋಗವೇನೆಂಬುದಕ್ಕೆ ಕೋಲಾರ ಜಿಲ್ಲೆಯ ಉದಾಹರಣೆ ಸಾಕು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮಲೇರಿಯದ ಮುಖ್ಯ ವಾಹಕ ಅನಾಫಿಲೀಸ್ ಕ್ಯುಲಿಸಿಫೇಸೀಸ್ ಎಂಬ ಇನ್ನೊಂದು ಸೊಳ್ಳೆ. 1980ರಲ್ಲಿ ಗ್ರೀನ್ ಮತ್ತು ಮೈಲ್ಸ್ ಎಂಬುವರು ಇದರ ವರ್ಣತಂತುಗಳ ಪಟ್ಟೆಗಳನ್ನು ಪರೀಕ್ಷಿಸಿ, ಒಂದೇ ಹೆಸರಿನಡಿ ಎರಡು ಸೋದರ ಪ್ರಭೇದಗಳಿವೆಯೆಂದು ತೋರಿಸಿದರು. ಅವುಗಳಿಗೆ ಎ ಮತ್ತು ಬಿ ಎಂಬ ಹೆಸರಾಯಿತು. ಮುಂದೆ ಸಿ, ಡಿ, ಇ ಎಂಬುವೂ ಸೇರಿದುವು. ಸ್ಟೀಫೆನ್ಸಿಯ ಬಗೆಗಳಂತಲ್ಲದೆ ಇವು ನಿಜವಾಗಿಯೂ ಬೇರೆ ಪ್ರಭೇದಗಳು. ಕಣ್ಣಿಗೆ ಐದೂ ಒಂದೇ ತಾಯಿಯ ಮಕ್ಕಳಂತೆ ಕಾಣುವುವು. ಆದರೆ ಎ ಪ್ರಭೇದವು ಮಲೇರಿಯವನ್ನು ಚೆನ್ನಾಗಿ ಹರಡುವುದು. ಬಿ ಪ್ರಭೇದವು ಬಹುಮಟ್ಟಿಗೆ ದನಗಳನ್ನೇ ಕಚ್ಚುವ ದುರ್ಬಲ ವಾಹಕ.

ಕೋಲಾರದ ಕಾಮಸಮುದ್ರದ ಸುತ್ತಮುತ್ತ ರೇಷ್ಮೆಯ ಬೇಸಾಯವುಂಟು. ರೇಷ್ಮೆಹುಳು ಸಾಕುವ ಮನೆಯಲ್ಲಿ ಕೀಟನಾಶಕವನ್ನು ಸಿಂಪಡಿಸಲು ಯಾವ ರೈತ ತಾನೆ ಒಪ್ಪಿಯಾನು? ಸೊಳ್ಳೆಯನ್ನು ಕೊಲ್ಲುವ ಮದ್ದು ರೇಷ್ಮೆಹುಳುವನ್ನೂ ಕೊಲ್ಲುವುದು. ಆದುದರಿಂದ ಎಸ್. ಕೆ. ಘೋಷ್ ಮತ್ತು ಸಂಗಡಿಗರು ಬಾವಿಗಳಿಗೆ ಗಪ್ಪಿ ಮೀನುಗಳನ್ನು ಬಿಟ್ಟು ನೋಡಿದರು. ಬೆರಳಿನುದ್ದವೂ ಇಲ್ಲದ ಈ ಮೀನು ಸೊಳ್ಳೆಯ ಮರಿಗಳನ್ನು ತಿಂದು ಬದುಕಬಲ್ಲುದು. ಹಳ್ಳಿಯ ಸುತ್ತಲಿನ ಹಳ್ಳಗಳಲ್ಲಿ ಸೊಳ್ಳೆಗಳು ಬೆಳೆಯುತ್ತಲೇ ಇದ್ದುವು. ಆದರೂ ಮಲೇರಿಯ ಇಳಿಯಿತು. ರೋಗವನ್ನು ಹರಡುವ ಪ್ರಭೇದಕ್ಕೆ ಬಾವಿಯೇ ತೊಟ್ಟಿಲಾಗಿದ್ದುದರಿಂದ, ಬಾವಿಗಳನ್ನು ಕಾದುದೇ ಸಾಕಾಯಿತು. 2005ರಲ್ಲಿ ಪ್ರಕಟವಾದ ಅವರ ಲೇಖನದ ತಲೆಬರಹವೇ ಬಾವಿಯ ಮೀನು ಸೋದರ ಪ್ರಭೇದವನ್ನು ಗುರಿಯಿಟ್ಟು ಹೊಡೆಯುವುದೆಂದು ಹೇಳುವುದು. ಎಲ್ಲ ಕ್ಯುಲಿಸಿಫೇಸೀಸ್ ಒಂದೇ ಎಂದು ನಂಬಿದವರು ಎಲ್ಲ ಹಳ್ಳಗಳನ್ನೂ ಬೆನ್ನಟ್ಟಿ ಹಣವನ್ನೂ ಶ್ರಮವನ್ನೂ ನೀರುಪಾಲು ಮಾಡುತ್ತಿದ್ದರು.

ಸಮುದ್ರದಾಚೆಯ ತಿಗಣೆ

ಈ ಪಾಠ ಸೊಳ್ಳೆಗಳಿಗೆ ಮಾತ್ರ ಮೀಸಲಲ್ಲ. ರಕ್ತ ಹೀರುವ ಬೇರೆ ಕೀಟಗಳಲ್ಲಿಯೂ ಇದೇ ಕಥೆ ನಡೆದಿದೆ. 1909ರಲ್ಲಿ ಬ್ರೆಜಿಲಿನ ಕಾರ್ಲೋಸ್ ಶಾಗಸ್ ಎಂಬ ವೈದ್ಯನು, ಮಣ್ಣಿನ ಗೋಡೆಯ ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಮಲಗಿದವರ ರಕ್ತ ಹೀರುವ ದೊಡ್ಡ ತಿಗಣೆಯೊಂದು ಭಯಂಕರವಾದ ರೋಗವನ್ನು ಹರಡುವುದೆಂದು ಕಂಡುಹಿಡಿದನು. ವರ್ಷಗಳು ಕಳೆದ ಮೇಲೆ ಹೃದಯವನ್ನೇ ಕೆಡಿಸುವ ಈ ರೋಗಕ್ಕೆ ಅವನ ಹೆಸರೇ ನಿಂತಿದೆ. ಇದರ ಒಂದು ಮುಖ್ಯ ವಾಹಕ ಟ್ರೈಯಟೋಮ ಇನ್ಫೆಸ್ಟನ್ಸ್. 1991ರಿಂದ ದಕ್ಷಿಣ ಅಮೆರಿಕದ ಹಲವು ದೇಶಗಳು ಒಟ್ಟಾಗಿ ಮನೆಮನೆಗೂ ಮದ್ದು ಸಿಂಪಡಿಸಿದುವು. ಈ ತಿಗಣೆಯಿಂದ ರೋಗ ಹರಡುವುದು ಉರುಗ್ವೆಯಲ್ಲಿ 1997ರಲ್ಲಿಯೂ ಚಿಲಿಯಲ್ಲಿ 1999ರಲ್ಲಿಯೂ ಬ್ರೆಜಿಲಿನಲ್ಲಿ 2006ರಲ್ಲಿಯೂ ನಿಂತಿತೆಂದು ಸಾರಲಾಯಿತು.

ಅದೇ ಕೀಟ, ಅದೇ ಮದ್ದು. ಆದರೆ ಬೊಲಿವಿಯದಲ್ಲಿಯೂ ಅರ್ಜೆಂಟೀನದ ಚಾಕೊ ಬಯಲಿನಲ್ಲಿಯೂ ತಿಗಣೆಗಳು ಮತ್ತೆ ಮತ್ತೆ ಮನೆಗಳಿಗೆ ಹಿಂದಿರುಗಿದುವು. ಅಲ್ಲಿನ ಕೆಲವು ಸಮುದಾಯಗಳು ಮದ್ದನ್ನು ತಾಳಿಕೊಳ್ಳಬಲ್ಲವು. ಆಂಡೀಸ್ ಪರ್ವತದ ಕಣಿವೆಗಳಲ್ಲಿ ಮನೆಗಳಿಂದ ದೂರ, ಬಂಡೆಗಳ ಸಂದಿನಲ್ಲಿಯೇ ಬದುಕುವ ಸಮುದಾಯಗಳೂ ಉಂಟು. ಆಂಡೀಸಿನ ತಿಗಣೆಯ ಜೀವಕೋಶದಲ್ಲಿರುವ ಡಿಎನ್‌ಎ ಬಯಲಿನ ತಿಗಣೆಯದಕ್ಕಿಂತ ಬಹಳ ಹೆಚ್ಚು. ಎರಡರ ನಡುವಣ ಅಂತರ ಸುಮಾರು ಶೇಕಡ 30. ಆದರೂ ಎರಡಕ್ಕೂ ಹೆಸರು ಒಂದೇ.

ಈ ತಿಗಣೆಗಳ ಬಂಧುಗಳು ನಮ್ಮಲ್ಲಿಯೂ ಇವೆ. ಹಡಗುಗಳ ಇಲಿಗಳೊಡನೆ ಜಗತ್ತನ್ನೆಲ್ಲ ಸುತ್ತಿದ ಟ್ರೈಯಟೋಮ ರುಬ್ರೊಫಾಸಿಯಾಟ ಭಾರತದಲ್ಲಿಯೂ ಸಿಕ್ಕುವುದು. ಅದರೊಳಗಿನ ಒಂದು ಪರೋಪಜೀವಿಯನ್ನು ಡೊನೊವಾನ್ ಎಂಬುವನು 1909ರಲ್ಲಿಯೇ ಮದರಾಸಿನಲ್ಲಿ ಕಂಡನು. ಅದು ಇಲಿಗಳದು, ಶಾಗಸ್ ರೋಗದ್ದಲ್ಲ. ಲಿನ್‌ಷ್ಕಾಸ್ಟಿಯಸ್ ಎಂಬ ಇನ್ನೊಂದು ಕುಲವಂತೂ ಭಾರತವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಆದುದರಿಂದ ಈ ಪಾಠವು ನಮಗೆ ತೀರ ಪರಕೀಯವಾದುದಲ್ಲ.

ಊರಿನ ಸೊಳ್ಳೆ ಹಡಗೇರಿದುದು

ಈಗ ಮತ್ತೆ ಸ್ಟೀಫೆನ್ಸಿಗೆ ಬರೋಣ. ಬಹುಕಾಲ ಇದು ಭಾರತ ಮತ್ತು ಅದರ ಪಶ್ಚಿಮದ ದೇಶಗಳ ಸೊಳ್ಳೆಯಾಗಿದ್ದಿತು. ಆಫ್ರಿಕದ ಮಲೇರಿಯವು ಹೆಚ್ಚಾಗಿ ಹಳ್ಳಿಗಳ ರೋಗ. ಅಲ್ಲಿನ ಪಟ್ಟಣಗಳು ಸ್ವಲ್ಪಮಟ್ಟಿಗೆ ಸುರಕ್ಷಿತವಾಗಿದ್ದುವು. 2012ರಲ್ಲಿ ಕೆಂಪು ಸಮುದ್ರದ ಬಾಯಿಯಲ್ಲಿರುವ ಜಿಬೂಟಿಯ ಬಂದರಿನಲ್ಲಿ ಸ್ಟೀಫೆನ್ಸಿ ಕಾಣಿಸಿಕೊಂಡಿತು. ಆ ವರ್ಷ ಆ ಪುಟ್ಟ ದೇಶದಲ್ಲಿ ವರದಿಯಾದ ಮಲೇರಿಯ ಪ್ರಕರಣಗಳು 27. 2020ರಲ್ಲಿ ಅವು 73,000ವನ್ನು ಮೀರಿದುವು. ಅನಂತರ ಇಥಿಯೋಪಿಯ, ಸೂಡಾನ್, ಸೊಮಾಲಿಯ, ನೈಜೀರಿಯ, ಕೀನ್ಯ ದೇಶಗಳಲ್ಲಿಯೂ ಇದು ಪತ್ತೆಯಾಯಿತು. ಇಥಿಯೋಪಿಯದ ಡಿರೆ ಡಾವ ಪಟ್ಟಣದಲ್ಲಿ 2022ರಲ್ಲಿ ರೋಗವು ಸ್ಫೋಟಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಆಫ್ರಿಕದಲ್ಲಿ ಈ ಸೊಳ್ಳೆಯನ್ನು ತಡೆಯಲು ವಿಶೇಷವಾದ ಕಾರ್ಯಕ್ರಮವನ್ನು ಆರಂಭಿಸಿತು. ನಮ್ಮ ಮಾಳಿಗೆಯ ತೊಟ್ಟಿಯಲ್ಲಿ ಬೆಳೆಯುವ ಸೊಳ್ಳೆ ಈಗ ಕೋಟ್ಯಂತರ ಪರದೇಶದ ಜನರ ಚಿಂತೆಗೆ ಕಾರಣವಾಗಿದೆ.

ಹೊಸ ನಾಡಿಗೆ ಹೋದ ಸೊಳ್ಳೆಗಳು ಯಾವ ಸಮುದಾಯದಿಂದ ಹೊರಟುವು, ಯಾವ ಮದ್ದನ್ನು ತಾಳಿಕೊಳ್ಳಬಲ್ಲವು, ಎಂಬುದನ್ನು ತಿಳಿಯಲು ಮೊಟ್ಟೆಯ ಗೆರೆಗಳ ಎಣಿಕೆ ಸಾಲದು. ಇಲ್ಲಿ ಮತ್ತೆ ಬೆಂಗಳೂರಿನ ಹೆಸರು ಬರುವುದು. ನಮ್ಮ ಊರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅಂಡ್ ಅಪ್ಲೈಡ್ ಬಯೋಟೆಕ್ನಾಲಜಿಯ ವಿಜ್ಞಾನಿಗಳು, ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯವರ ಜೊತೆಗೂಡಿ, ಸ್ಟೀಫೆನ್ಸಿಯ ಜೀನೋಮನ್ನು, ಎಂದರೆ ಇಪ್ಪತ್ತು ಕೋಟಿಗೂ ಮಿಕ್ಕಿದ ಅಕ್ಷರಗಳ ಅನುವಂಶಿಕ ಲಿಪಿಯನ್ನು, ಓದಿದರು. ಮೂಲ ಬಗೆಯದೊಂದನ್ನೂ ಮಧ್ಯಮ ಬಗೆಯದೊಂದನ್ನೂ ಓದಿ, ಹಿಂದೆ ಓದಿದ್ದ ಇನ್ನೊಂದರೊಡನೆ ಹೋಲಿಸಿ 2022ರಲ್ಲಿ ಪ್ರಕಟಿಸಿದರು. ಎರಡನೆಯ ವರ್ಣತಂತುವಿನಲ್ಲಿ ಒಂದು ದೊಡ್ಡ ತುಂಡು ಕೆಲವು ಸೊಳ್ಳೆಗಳಲ್ಲಿ ತಿರುವುಮುರುವಾಗಿ ಕುಳಿತಿರುವುದು. ಪುಸ್ತಕವೊಂದರ ನಡುವಣ ಹಲವು ಪುಟಗಳನ್ನು ಬಿಚ್ಚಿ ಹಿಂದುಮುಂದಾಗಿ ಹೊಲಿದಂತೆ ಇದು. ಪಟ್ಟಣದ ಸೊಳ್ಳೆಗಳಲ್ಲಿಯೂ ಹಳ್ಳಿಯ ಸೊಳ್ಳೆಗಳಲ್ಲಿಯೂ ಈ ತಿರುವು ಬೇರೆ ಬೇರೆ ಪ್ರಮಾಣದಲ್ಲಿರುವುದು ಹಿಂದಿನಿಂದಲೂ ತಿಳಿದಿತ್ತು; ಅದರ ತುದಿಗಳು ಎಲ್ಲಿವೆಯೆಂದು ಅಕ್ಷರ ಅಕ್ಷರವಾಗಿ ಈಗ ತಿಳಿಯಿತು. 1937ರಲ್ಲಿ ಗೆರೆ ಎಣಿಸಿದವರ ಕೆಲಸವೇ ಹೀಗೆ ಬೇರೊಂದು ಉಪಕರಣದಿಂದ ಮುಂದುವರಿದಿದೆ.

ಸೀಸೆಯ ಕಥೆಯನ್ನು ಮುಗಿಸುವುದು ನಮ್ಮ ಕರ್ತವ್ಯ. ನಮ್ಮ ಸ್ನೇಹಿತರು ಮರಿಗಳು ಬೆಳೆದು ರೆಕ್ಕೆ ಪಡೆಯುವವರೆಗೆ ಕಾದು, ರೆಕ್ಕೆ ಕಾಲುಗಳ ಚುಕ್ಕೆಗಳನ್ನು ನೋಡಿ, ಸ್ಟೀಫೆನ್ಸಿಯೇ ಸರಿ ಎಂದರು. ಯಾವ ಬಗೆ ಎಂದು ಮಾತ್ರ ಹೇಳಲಿಲ್ಲ. ಒಂದು ತೊಟ್ಟಿಯ ಹತ್ತಾರು ಹುಳುಗಳಿಂದ ಅದನ್ನು ಹೇಳುವುದು ಸಲ್ಲದು. ಬಡಾವಣೆಯ ಹಲವು ತೊಟ್ಟಿಗಳಿಂದ ತಾಯಿಸೊಳ್ಳೆಗಳನ್ನು ಹಿಡಿದು, ಮೊಟ್ಟೆಯಿಡಿಸಿ ಎಣಿಸಬೇಕು ಎಂದರು. ವಿದ್ಯಾರ್ಥಿಯ ಮುಖ ಬಾಡಿತು. "ಹಾಗಾದರೆ ನಾನೀಗ ಏನು ಮಾಡಲಿ ಸಾರ್?" ಎಂದನು. "ಎಣಿಕೆ ಮುಗಿಯುವವರೆಗೆ ಕಾಯಬೇಡಪ್ಪ. ಮೊದಲು ತೊಟ್ಟಿಯ ಮುಚ್ಚಳವನ್ನು ಸರಿಪಡಿಸು" ಎಂದು ಸ್ನೇಹಿತರು ನಕ್ಕರು.

ಆ ಮಾತು ಎಲ್ಲ ಓದುಗರಿಗೂ ಸಲ್ಲುವುದು. ಮೊಟ್ಟೆಯೊಡೆದು ಸೊಳ್ಳೆಯಾಗಿ ಹಾರಲು ನಮ್ಮ ಹವೆಯಲ್ಲಿ ವಾರಕ್ಕಿಂತ ಸ್ವಲ್ಪ ಹೆಚ್ಚು ದಿನಗಳು ಬೇಕು. ತೊಟ್ಟಿಯನ್ನೂ ಸಂಪನ್ನೂ ಸಂದಿಲ್ಲದಂತೆ ಮುಚ್ಚಿರಿ. ಮುಚ್ಚಲಾಗದ ಪಾತ್ರೆಗಳನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ಒಣಗಿಸಿರಿ. ಮುಚ್ಚಳವು ಬಗೆಯನ್ನು ಕೇಳುವುದಿಲ್ಲ. ಎಲ್ಲ ಬಗೆಗಳನ್ನೂ ತಡೆಯುವುದು. ಆದರೆ ಊರಿಗೆಲ್ಲ ಎಲ್ಲಿ ಮೀನು ಬಿಡಬೇಕು, ಎಲ್ಲಿ ಯಾವ ಮದ್ದು ಹಾಕಬೇಕು ಎಂದು ತೀರ್ಮಾನಿಸುವವರಿಗೆ ಎಣಿಕೆ ಬೇಕೇ ಬೇಕು.

ನಮ್ಮ ತರುಣ ಓದುಗರು ಈ ಎಣಿಕೆಯ ರುಚಿಯನ್ನು ಮನೆಯಲ್ಲಿಯೇ ನೋಡಬಹುದು. ಬರುವ ಅವರೆಕಾಯಿಯ ಕಾಲದಲ್ಲಿ ಅಮ್ಮನ ಜೊತೆ ಕುಳಿತು ಎರಡು ತಳಿಗಳ ನೂರು ನೂರು ಕಾಯಿಗಳನ್ನು ಸುಲಿಯಿರಿ. ಕಾಯಿಯೊಂದಕ್ಕೆ ಎಷ್ಟು ಕಾಳು ಎಂದು ಬರೆದುಕೊಂಡು, ಎರಡು ತಳಿಗಳಿಗೂ ಒಂದೇ ಕಾಗದದ ಮೇಲೆ ನಕ್ಷೆಯನ್ನು ಎಳೆಯಿರಿ. ಎರಡು ಗುಡ್ಡಗಳು ಎಲ್ಲಿ ಒಂದರ ಮೇಲೊಂದು ಹಾಯುವುವೋ ಆ ಜಾಗಕ್ಕೆ ಬಣ್ಣ ಬಳಿಯಿರಿ. 14 ಮತ್ತು 15 ಗೆರೆಗಳ ಮೊಟ್ಟೆ ಕುಳಿತಿರುವುದು ಅಂಥ ಜಾಗದಲ್ಲಿಯೇ.